ನಾರ್ವೆನೇ ಗೆಲ್ಲೋದಾದ್ರೆ ಸ್ಕೀಯಿಂಗ್ ಯಾಕೆ ನೋಡ್ತೀರಿ?

ಚಳಿಗಾಲ ಬಂತೆಂದರೆ ನನಗೆ ಈ ಪ್ರಶ್ನೆ ಖಾಯಂ. ಆಫೀಸಿನ ಕಾಫಿ ಹೊತ್ತಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. "ಆ ಹಿಮದ ಮೇಲೆ ಕೋಲು ಹಿಡ್ಕೊಂಡು ಓಡೋ ಆಟ ನೋಡ್ತೀರಲ್ಲ, ಅದ್ರಲ್ಲಿ ಯಾವಾಗ್ಲೂ ನಾರ್ವೆನೇ ಗೆಲ್ಲೋದಲ್ವಾ? ಮೊದ್ಲೇ ಗೊತ್ತಿರೋ ರಿಸಲ್ಟ್ ನೋಡೋಕೆ ಬೋರ್ ಆಗಲ್ವಾ?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. 2025ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಸ್ಕೀಯಿಂಗ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಕ್ರಾಸ್‌ಕಂಟ್ರಿಯಲ್ಲಿ, ಅಂದರೆ ಹಿಮದ ದಾರಿಯಲ್ಲಿ ಕೋಲು ಹಿಡಿದು ಓಡುವ ಈ ಆಟದಲ್ಲಿ, ಪುರುಷರಿಗೆ ಆರು ಸ್ಪರ್ಧೆ. ನಾರ್ವೆಯ ಯೊಹಾನೆಸ್ ಕ್ಲೇಬೊ ಆರಕ್ಕೆ ಆರೂ ಚಿನ್ನ ಗೆದ್ದ. ಮರುವರ್ಷ ಇಟಲಿಯ ಒಲಿಂಪಿಕ್ಸ್‌ನಲ್ಲಿ ಮತ್ತೆ ಆರಕ್ಕೆ ಆರು. ಇಡೀ ನಾರ್ವೆಯ ಜನಸಂಖ್ಯೆ 55 ಲಕ್ಷದ ಆಸುಪಾಸು, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಹೀಗಿರುವಾಗ ಜನ ಕೇಳುವುದು ಸಹಜ.

ನನ್ನ ಉತ್ತರ ಚಿಕ್ಕದು. ನಾನು ನೋಡುವುದು ರಿಲೇ. ಅಲ್ಲಿ ನಾರ್ವೆಯ ದೊಡ್ಡ ಶಕ್ತಿ ಕೆಲಸಕ್ಕೆ ಬರುವುದಿಲ್ಲ.

ಅದು ಹೇಗೆ ಅಂತ ಹೇಳುತ್ತೇನೆ. ನಾರ್ವೆಯ ಶಕ್ತಿ ಒಬ್ಬ ಕ್ಲೇಬೊ ಅಲ್ಲ. ಅವನ ಹಿಂದೆ ನಿಂತಿರುವ ಸಾಲು. ವಿಶ್ವ ಚಾಂಪಿಯನ್‌ಶಿಪ್‌ನ ಒಂದು ಸ್ಪರ್ಧೆಗೆ ಒಂದು ದೇಶ ಸಾಮಾನ್ಯವಾಗಿ ನಾಲ್ಕು ಜನರನ್ನು ಕಳಿಸಬಹುದು. ಹಾಲಿ ಚಾಂಪಿಯನ್ ಇದ್ದರೆ ಇನ್ನೊಬ್ಬ. ಆ ನಾಲ್ಕರಲ್ಲಿ ಒಬ್ಬನಾಗಲು ಆ ದೇಶದಲ್ಲಿ ನಡೆಯುವ ಪೈಪೋಟಿ ಎಂಥದ್ದೆಂದರೆ, ಅಲ್ಲಿ ಆಯ್ಕೆಯಾಗದೆ ಮನೆಯಲ್ಲಿ ಕೂತವನು ಬೇರೆ ಯಾವುದೇ ದೇಶದ ತಂಡಕ್ಕೆ ಕಣ್ಣುಮುಚ್ಚಿ ಸೇರಬಹುದು. ವಿಶ್ವಕಪ್ ರಿಲೇಗಳಲ್ಲಿ ನಾರ್ವೆ ಎರಡೆರಡು ತಂಡ ಇಳಿಸುತ್ತದೆ. ಎರಡನೇ ತಂಡವೂ ಪೋಡಿಯಂ ಹತ್ತಿದ ಉದಾಹರಣೆಗಳಿವೆ. ಹಾಗಾಗಿ ಒಬ್ಬೊಬ್ಬರೇ ಓಡುವ ಸ್ಪರ್ಧೆಯಲ್ಲಿ ಒಬ್ಬನಿಗೆ ಜ್ವರ ಬಂದರೂ, ಇನ್ನೊಬ್ಬ ಬಿದ್ದರೂ, ಮೂರನೆಯವನು ಗೆದ್ದುಕೊಂಡು ಬರುತ್ತಾನೆ.

ಆದರೆ ಚಾಂಪಿಯನ್‌ಶಿಪ್ ರಿಲೇಯಲ್ಲಿ ಒಂದು ದೇಶಕ್ಕೆ ಒಂದೇ ತಂಡ. ನಾಲ್ಕೇ ಜನ. ಐದನೆಯವನು ಜಗತ್ತಿನ ಐದನೇ ಬೆಸ್ಟ್ ಆಗಿದ್ದರೂ ಬೇಲಿ ಆಚೆ ನಿಂತು ಕೂಗಬೇಕು ಅಷ್ಟೇ. ಇಟಲಿ ಹತ್ರಾನೂ ನಾಲ್ಕು ಜನ, ನಾರ್ವೆ ಹತ್ರಾನೂ ನಾಲ್ಕೇ ಜನ. ಒಬ್ಬ ಕೆಟ್ಟರೆ ಉಳಿದ ಮೂವರ ಪದಕವೂ ಹೋಯಿತು.

ನೋಡದವರಿಗಾಗಿ ಆಟದ ವಿಧಾನವನ್ನೂ ಹೇಳಿಬಿಡುತ್ತೇನೆ. ಮೊದಲ ಇಬ್ಬರು ಕ್ಲಾಸಿಕ್ ಶೈಲಿಯಲ್ಲಿ ಹೋಗಬೇಕು, ಅಂದರೆ ಹಿಮದಲ್ಲಿ ಕೊರೆದ ಎರಡು ಗೆರೆಗಳೊಳಗೆ ಕಾಲು ನೇರ ಮುಂದೆ ಹಾಕುತ್ತಾ. ಕೊನೆಯ ಇಬ್ಬರಿಗೆ ಫ್ರೀ ಶೈಲಿ, ಐಸ್ ಸ್ಕೇಟಿಂಗ್ ಥರ ಎಡಕ್ಕೆ ಬಲಕ್ಕೆ ತಳ್ಳುತ್ತಾ ಹೋಗುವುದು. ಪುರುಷರು ದಶಕಗಳ ಕಾಲ ತಲಾ 10 ಕಿ.ಮೀ. ಓಡುತ್ತಿದ್ದರು, ಈಗ ತಲಾ 7.5 ಕಿ.ಮೀ. ಎದೆಯ ಮೇಲಿನ ನಂಬರಿನ ಬಣ್ಣ ನೋಡಿದರೆ ಯಾರು ಎಷ್ಟನೆಯವರು ಅಂತ ಗೊತ್ತಾಗುತ್ತದೆ. ಕೆಂಪು, ಹಸಿರು, ಹಳದಿ, ನೀಲಿ. ಕೈಗೆ ಕೊಡಲು ಬ್ಯಾಟನ್ ಇಲ್ಲ. ಸುಸ್ತಾಗಿ ಬಂದವನು ಮುಂದಿನವನ ಮೈ ಮುಟ್ಟಬೇಕು. ಬೆನ್ನೋ ಭುಜವೋ, ಸಿಕ್ಕಿದ ಕಡೆ ಒಂದು ಏಟು. ಮುಟ್ಟಿಸಿಕೊಂಡವನು ಓಟ ಕಿತ್ತ, ಮುಟ್ಟಿದವನು ಅಲ್ಲೇ ಹಿಮದ ಮೇಲೆ ಮಗುಚಿಕೊಂಡ.

ಈಗ 1994ಕ್ಕೆ ಬರೋಣ. ಲಿಲ್ಲೆಹಾಮರ್ ಒಲಿಂಪಿಕ್ಸ್, ನಾರ್ವೆಯ ಸ್ವಂತ ಮನೆ. ಕಾಡಿನ ದಾರಿಯುದ್ದಕ್ಕೂ ಲಕ್ಷಕ್ಕೂ ಜಾಸ್ತಿ ಜನ. ನಾರ್ವೆ ತಂಡದಲ್ಲಿ ಸ್ತೂರೆ ಸಿವರ್ಟ್‌ಸನ್, ವೆಗಾರ್ಡ್ ಉಲ್ವಾಂಗ್, ಥಾಮಸ್ ಆಲ್ಸ್‌ಗಾರ್ಡ್, ಕೊನೆಗೆ ಬ್ಯೋರ್ನ್ ಡೇಲಿ. ಆ ಕಾಲದಲ್ಲಿ ಡೇಲಿ ಅಂದರೆ ಈಗಿನ ಕ್ಲೇಬೊ. ಇಟಲಿಯ ಕಡೆಯಿಂದ ಮೊದಲ ಲೆಗ್, ಅಂದರೆ ಮೊದಲ ಸರದಿ, ಓಡಿದವನು ಮೌರಿಲಿಯೊ ಡೆ ಜೋಲ್ಟ್. ವಯಸ್ಸು 43. ಗಾತ್ರದಲ್ಲಿ ಚಿಕ್ಕವನು, ಅಡ್ಡಹೆಸರು ಮಿಡತೆ. ಅವನು ಗೆಲ್ಲಬೇಕಿರಲಿಲ್ಲ. ಮುಂದಿನವರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಉಳಿದರೆ ಸಾಕಿತ್ತು. ಉಳಿದ. ಅವನ ನಂತರ ಅಲ್ಬರೆಲ್ಲೊ, ವಾನ್ಜೆಟ್ಟಾ. ಕೊನೆಯ ಲೆಗ್‌ನಲ್ಲಿ ಸಿಲ್ವಿಯೊ ಫೌನರ್ ಹೋಗಿ ಡೇಲಿಯ ಬೆನ್ನಿಗೆ ಅಂಟಿಕೊಂಡ.

ಹಿಂದೆ ಅಂಟಿಕೊಂಡವನಿಗೆ ಲಾಭ ಇದೆ. ಗಾಳಿಯನ್ನು ಮುಂದಿನವನು ಸೀಳುತ್ತಾನೆ, ಹಿಂದಿನವನು ಶಕ್ತಿ ಉಳಿಸಿಕೊಳ್ಳುತ್ತಾನೆ. ಡೇಲಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಎಷ್ಟು ಎಳೆದರೂ ಫೌನರ್ ಬಿಡಲಿಲ್ಲ. ಕೊನೆಯ ನೇರ ದಾರಿಯಲ್ಲಿ ಪಕ್ಕಕ್ಕೆ ಬಂದ, ಮುಂದೆ ಹೋದ. ಅಂತರ 0.4 ಸೆಕೆಂಡ್. ಅಷ್ಟೊಂದು ಜನರ ಬಾಯಿ ಒಟ್ಟಿಗೆ ಮುಚ್ಚಿದ್ದನ್ನು ಹಳೆಯ ವಿಡಿಯೋದಲ್ಲಿ ಈಗಲೂ ಕೇಳಬಹುದು. ಇಟಲಿಯವರ ಚೀರಾಟ ಮಾತ್ರ ಇದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ, ಅದೇ ನನಗಿಷ್ಟ. 1998ರಲ್ಲಿ ನಾಗಾನೊ. ಈ ಸಲ ನಾರ್ವೆ ಡೇಲಿಯನ್ನು ಮೂರನೇ ಲೆಗ್‌ಗೆ ಹಾಕಿ, ಕೊನೆಗೆ ಆಲ್ಸ್‌ಗಾರ್ಡ್‌ನನ್ನು ಇಟ್ಟಿತು. ಎದುರಿಗೆ ಅದೇ ಫೌನರ್. ಆಲ್ಸ್‌ಗಾರ್ಡ್ ಗೆದ್ದ, 0.2 ಸೆಕೆಂಡ್‌ನಿಂದ. 2002ರಲ್ಲಿ ಸಾಲ್ಟ್ ಲೇಕ್ ಸಿಟಿ. ಮತ್ತೆ ಆಲ್ಸ್‌ಗಾರ್ಡ್, ಎದುರಿಗೆ ಇಟಲಿಯ ಕ್ರಿಸ್ತಿಯಾನ್ ಝೋರ್ಜಿ. ಮತ್ತೆ ನಾರ್ವೆ, 0.3 ಸೆಕೆಂಡ್. ಮೂರು ಒಲಿಂಪಿಕ್ಸ್, ಒಂದೊಂದರಲ್ಲಿ 40 ಕಿ.ಮೀ., ಮೂರರ ಅಂತರವನ್ನೂ ಕೂಡಿಸಿದರೆ ಒಂದು ಸೆಕೆಂಡ್ ಆಗುವುದಿಲ್ಲ. ಗೊತ್ತಿರುವ ರಿಸಲ್ಟ್ ಅಂತೀರಲ್ಲ, ಇದನ್ನು ಯಾರಾದರೂ ಮೊದಲೇ ಹೇಳಲಿ ನೋಡೋಣ.

2006ರಲ್ಲಿ ಟುರಿನ್, ಅಂದರೆ ಈಗ ಇಟಲಿಯ ಮನೆ. ಸ್ಪ್ರಿಂಟೇ ಬೇಕಾಗಲಿಲ್ಲ. ಝೋರ್ಜಿ ಎಷ್ಟು ಮುಂದಿದ್ದನೆಂದರೆ, ಧ್ವಜ ಹಿಡಿದುಕೊಂಡೇ ಗೆರೆ ದಾಟಿದ. ನಾರ್ವೆ ಐದನೇ ಸ್ಥಾನ. ಆ ಸಲ ಕ್ರಾಸ್‌ಕಂಟ್ರಿಯಲ್ಲಿ ನಾರ್ವೆಗೆ ಒಂದೂ ಚಿನ್ನ ಬರಲಿಲ್ಲ.

ಅದೇ ಒಲಿಂಪಿಕ್ಸ್‌ನ ಒಂದು ಚಿಕ್ಕ ಘಟನೆ ಹೇಳದೆ ಮುಂದೆ ಹೋಗಲಾರೆ. ಮಹಿಳೆಯರ ಟೀಮ್ ಸ್ಪ್ರಿಂಟ್, ಇಬ್ಬರು ಸರದಿಯಲ್ಲಿ ಓಡುವ ಸ್ಪರ್ಧೆ. ಕೆನಡಾದ ಸಾರಾ ರೆನ್ನರ್ ಮುಂಚೂಣಿಯಲ್ಲಿದ್ದಾಗ ಅವರ ಕೈಕೋಲು ಮುರಿಯಿತು. ಪಕ್ಕದಲ್ಲಿ ನಿಂತಿದ್ದ ಯಾರೋ ಒಂದು ಕೋಲು ಚಾಚಿದರು. ಅಳತೆಯಲ್ಲಿ ಸ್ವಲ್ಪ ಉದ್ದದ್ದೇ, ಆದರೂ ಕೆಲಸಕ್ಕೆ ಬಂತು. ಕೊಟ್ಟವರು ನಾರ್ವೆಯ ಕೋಚ್ ಬ್ಯೋರ್ನಾರ್ ಹೋಕನ್ಸ್‌ಮೂನ್. ಕೆನಡಾಗೆ ಬೆಳ್ಳಿ ಬಂತು, ನಾರ್ವೆ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಕೆನಡಾದ ಜನ ಥ್ಯಾಂಕ್ಸ್ ಅಂತ ಐದು ಟನ್ ಮೇಪಲ್ ಸಿರಪ್ ಕಳಿಸಿದರು. ಪದಕಕ್ಕೆ ಬದಲು ಐದು ಟನ್ ಸಿರಪ್, ನಷ್ಟವೇನಿಲ್ಲ ಬಿಡಿ.

ಈಗ ನೀವು ದಾಖಲೆ ತೆಗೆದು ನನ್ನ ಮುಖಕ್ಕೆ ಹಿಡಿಯಬಹುದು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪುರುಷರ ರಿಲೇಯನ್ನು 2001ರಿಂದ 2025ರವರೆಗೆ ಪ್ರತಿ ಸಲವೂ ನಾರ್ವೆಯೇ ಗೆದ್ದಿದೆ. ಸತತ 13. ಹೌದು, ನಿಜ. ಆದರೆ ಆ 13ರಲ್ಲಿ ಮೊದಲನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಿ. 2001, ಫಿನ್ಲೆಂಡಿನ ಲಾಹ್ತಿ. ಗೆರೆ ಮೊದಲು ದಾಟಿದ್ದು ಫಿನ್ಲೆಂಡ್, ಅದೂ ತನ್ನ ಜನರೆದುರು. ಆಮೇಲೆ ಆ ತಂಡದ ಯಾನ್ನೆ ಇಮ್ಮೊನೆನ್‌ನ ಪರೀಕ್ಷೆಯಲ್ಲಿ ಎಚ್‌ಇಎಸ್ ಸಿಕ್ಕಿತು. ರಕ್ತದ ದ್ರವಾಂಶ ಹೆಚ್ಚಿಸುವ ಔಷಧ ಅದು. ಉದ್ದೀಪನ ಮದ್ದು ತೆಗೆದುಕೊಂಡವರು ಅದನ್ನು ಮುಚ್ಚಿಹಾಕಲು ಬಳಸುತ್ತಿದ್ದರು. ಜೊತೆಗೆ ತಂಡದ ವೈದ್ಯಕೀಯ ಚೀಲವೊಂದು ಹೆಲ್ಸಿಂಕಿ ವಿಮಾನ ನಿಲ್ದಾಣದ ಹತ್ತಿರದ ಪೆಟ್ರೋಲ್ ಬಂಕ್‌ನಲ್ಲಿ ಅನಾಥವಾಗಿ ಸಿಕ್ಕಿತು. ಒಬ್ಬನ ತಪ್ಪಲ್ಲ, ಆರು ಜನ ಸಿಕ್ಕಿಬಿದ್ದರು. ಸ್ಕೀಯಿಂಗ್ ಅಂದರೆ ಪ್ರಾಣ ಬಿಡುವ ದೇಶ ಅದು. ಅಲ್ಲಿ ಅದು ಕ್ರೀಡಾ ಸುದ್ದಿಯಾಗಿ ಉಳಿಯಲಿಲ್ಲ, ಮನೆಯ ಮರ್ಯಾದೆಯ ಪ್ರಶ್ನೆಯಾಯಿತು. ಚಿನ್ನ ನಾರ್ವೆಗೆ ಹೋಯಿತು. 13ರ ಸರಣಿ ಶುರುವಾದದ್ದು ಹಾಗೆ.

ಅದೇ ತಂಡ ಒಲಿಂಪಿಕ್ಸ್‌ಗೆ ಬಂದರೆ ಏನಾಗುತ್ತದೆ? 2006ರಲ್ಲಿ ಐದು. 2010ರಲ್ಲಿ ಬೆಳ್ಳಿ. 2014ರಲ್ಲಿ ನಾಲ್ಕು. 2018ರಲ್ಲಿ ಚಿನ್ನ. 2022ರಲ್ಲಿ ಮತ್ತೆ ಬೆಳ್ಳಿ, ರಷ್ಯನ್ನರಿಗಿಂತ ಒಂದು ನಿಮಿಷಕ್ಕೂ ಜಾಸ್ತಿ ಹಿಂದೆ, ತಂಡದಲ್ಲಿ ಕ್ಲೇಬೊ ಇದ್ದೂ! 2026ರಲ್ಲಿ ಚಿನ್ನ. ಈ ವ್ಯತ್ಯಾಸಕ್ಕೆ ಒಂದೇ ಕಾರಣ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆದರೆ ನನ್ನ ಅನುಮಾನ ಇರುವುದು ಸ್ಕೀಯ ಅಡಿಗೆ ಹಚ್ಚುವ ಮೇಣದ ಮೇಲೆ.

ಕ್ಲಾಸಿಕ್ ಸ್ಕೀ ಬಿಲ್ಲಿನ ಹಾಗೆ ಸ್ವಲ್ಪ ಬಾಗಿರುತ್ತದೆ. ಎರಡೂ ಕಾಲ ಮೇಲೆ ಸಮನಾಗಿ ನಿಂತಾಗ ನಡುಭಾಗ ಹಿಮಕ್ಕೆ ತಾಗುವುದಿಲ್ಲ, ಸುಮ್ನೆ ಜಾರುತ್ತದೆ. ಒಂದೇ ಕಾಲ ಮೇಲೆ ಭಾರ ಹಾಕಿ ಒದ್ದಾಗ ನಡುಭಾಗ ಕೆಳಗೆ ಒತ್ತಿ, ಅಲ್ಲಿ ಹಚ್ಚಿದ ಮೇಣ ಹಿಮವನ್ನು ಕಚ್ಚಿಕೊಳ್ಳುತ್ತದೆ. ಕಚ್ಚದಿದ್ದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತೀರಿ. ಜಾಸ್ತಿ ಕಚ್ಚಿದರೆ ಇಳಿಜಾರಿನಲ್ಲಿ ಬ್ರೇಕ್ ಹಾಕಿದ ಹಾಗೆ. ಚಳಿ ಗಟ್ಟಿಯಾಗಿದ್ದರೆ ಲೆಕ್ಕ ಸುಲಭ. ಸೊನ್ನೆ ಡಿಗ್ರಿ ಹತ್ತಿರ ಬಂತೋ, ತಜ್ಞರೂ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನೆರಳಿನಲ್ಲಿ ಒಂದು ಹಿಮ, ಬಿಸಿಲಿನಲ್ಲಿ ಇನ್ನೊಂದು. ಬೆಳಗ್ಗೆ ಸರಿಯಾದದ್ದು ಮಧ್ಯಾಹ್ನಕ್ಕೆ ಕೆಟ್ಟಿತು.

2014ರ ಸೋಚಿ ಅಂಥ ಜಾಗ. ಚಳಿಗಾಲದ ಒಲಿಂಪಿಕ್ಸ್‌ಗೆ ಹೋದವರು ಬಿಸಿಲು ಕಾಯಿಸುತ್ತಿದ್ದರು. ನಾರ್ವೆ ತಾನು ಎಲ್ಲಿಗೆ ಹೋದರೂ ದೊಡ್ಡ ಟ್ರಕ್‌ನಲ್ಲಿ ಮೇಣದ ಕಾರ್ಖಾನೆಯನ್ನೇ ಕೊಂಡೊಯ್ಯುವ ದೇಶ. ಮಹಿಳೆಯರ ರಿಲೇ ತಂಡದಲ್ಲಿ ಹೈದಿ ವೆಂಗ್, ತೆರೆಸೆ ಯೊಹಾಗ್, ಆಸ್ತ್ರಿದ್ ಯಾಕೊಬ್ಸೆನ್, ಮಾರಿತ್ ಬ್ಯೋರ್ಗೆನ್. ಇದಕ್ಕಿಂತ ಬಲವಾದ ತಂಡ ಕಾಗದದ ಮೇಲೂ ಬರೆಯಲಾಗದು. ಕ್ಲಾಸಿಕ್ ಲೆಗ್‌ಗಳಲ್ಲೇ ಹಿಂದೆ ಬಿದ್ದರು. ಕೊನೆಗೆ ಐದನೇ ಸ್ಥಾನ. ಮಾರನೇ ದಿನ ಪುರುಷರೂ ನಾಲ್ಕನೇ ಸ್ಥಾನ. ಊರಲ್ಲೆಲ್ಲ ಮೇಣದ್ದೇ ಮಾತು, ಮೇಣದ ತಂಡದ ಮೇಲೆ ಬೈಗುಳ.

ಅದೇ ಮಹಿಳೆಯರ ರಿಲೇಯಲ್ಲಿ ಸ್ವೀಡನ್ನಿನ ಶಾರ್ಲೊಟ್ ಕಾಲ್ಲಾ ಕೊನೆಯ ಲೆಗ್‌ಗೆ ಹೊರಟಾಗ ಮುಂದಿನವರಿಗಿಂತ 25 ಸೆಕೆಂಡ್ ಹಿಂದಿದ್ದಳು. ಉಳಿದದ್ದು 5 ಕಿ.ಮೀ. ಫಿನ್ಲೆಂಡ್ ಮತ್ತು ಜರ್ಮನಿ ಮುಂದೆ. ಒಂದೊಂದೇ ಏರಿನಲ್ಲಿ ಅಂತರ ತಿನ್ನುತ್ತಾ ಬಂದಳು, ಸ್ಟೇಡಿಯಂ ಒಳಗೆ ಹಿಡಿದಳು, ಸ್ಪ್ರಿಂಟ್‌ನಲ್ಲಿ ಇಬ್ಬರನ್ನೂ ಹಿಂದೆ ಹಾಕಿದಳು. ಈ ರಿಲೇಯಲ್ಲಿ ಸ್ವೀಡನ್ ಮಹಿಳೆಯರಿಗೆ ಅದು 1960ರ ನಂತರದ ಮೊದಲ ಚಿನ್ನ. ಸ್ಕೀಯಿಂಗ್ ಗೊತ್ತಿಲ್ಲದವರಿಗೆ ನಾನು ಮೊದಲು ತೋರಿಸುವುದು ಇದೇ ಲೆಗ್.

ಅಂದ ಹಾಗೆ, "ಯಾವಾಗಲೂ ನಾರ್ವೆ" ಅನ್ನುವ ಮಾತು ಮಹಿಳೆಯರ ವಿಷಯದಲ್ಲಿ ಈಗ ಪೂರ್ತಿ ಸುಳ್ಳು. ಟ್ರೊಂಡ್‌ಹೈಮ್‌ನಲ್ಲಿ ಕ್ಲೇಬೊ ಆರು ಗೆದ್ದ ಅದೇ ವಾರಗಳಲ್ಲಿ ಮಹಿಳೆಯರ ಆರೂ ಚಿನ್ನ ಸ್ವೀಡನ್ನಿಗೆ ಹೋದವು. ನಮ್ಮ ಪೇಪರುಗಳಲ್ಲಿ ಮೊದಲನೆಯದಕ್ಕೆ ನಾಲ್ಕು ಸಾಲು ಸಿಕ್ಕಿತು, ಎರಡನೆಯದಕ್ಕೆ ಅದೂ ಇಲ್ಲ.

ನಾರ್ವೆಯ ಪೆಟ್ಟರ್ ನೂರ್ಥುಗ್ ಬಗ್ಗೆ ಹೇಳದಿದ್ದರೆ ಅವನ ಅಭಿಮಾನಿಗಳು ಬಿಡುವುದಿಲ್ಲ. 2011ರಲ್ಲಿ ಓಸ್ಲೊದ ಹೊಲ್ಮೆನ್‌ಕೊಲ್ಲೆನ್‌ನಲ್ಲಿ, ವಿಶ್ವ ಚಾಂಪಿಯನ್‌ಶಿಪ್ ರಿಲೇಯ ಕೊನೆಯ ಲೆಗ್‌ನಲ್ಲಿ, ಸ್ವೀಡನ್ನಿನ ಮಾರ್ಕಸ್ ಹೆಲ್ನರ್‌ನನ್ನು ಹಿಂದೆ ಹಾಕಿ ಬಂದವನು, ಗೆರೆಗೆ ಮುಂಚೆ ನಿಂತೇಬಿಟ್ಟ. ತಿರುಗಿ ನೋಡಿದ, ಹೆಲ್ನರ್ ಹತ್ತಿರ ಬರಲಿ ಅಂತ ಕಾದ, ಆಮೇಲೆ ದಾಟಿದ. ಸ್ವೀಡನ್ನಿನವರು ಉರಿದುಹೋದರು. ನನಗೆ ಕೇಳಿದರೆ ಅದು ಅಹಂಕಾರವೇ. ಆದರೆ ಅಷ್ಟು ಚೆಂದದ ಅಹಂಕಾರ ಅಪರೂಪ.

ಇನ್ನೊಂದು ಉಪಪ್ರಶ್ನೆ ಯಾವಾಗಲೂ ಹಿಂದೆಯೇ ಬರುತ್ತದೆ: "ನಮ್ಮವರು ಯಾರೂ ಇಲ್ವಾ?" ಇದ್ದಾರೆ. 2018ರ ಒಲಿಂಪಿಕ್ಸ್‌ನಲ್ಲಿ ಜಗದೀಶ್ ಸಿಂಗ್ ಇದ್ದರು, 2026ರಲ್ಲಿ ಲಡಾಖಿನ ಸ್ಟಾನ್ಜಿನ್ ಲುಂಡುಪ್. ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರ ಸ್ಪರ್ಧಿಸಿದ್ದಾರೆ. ಕಾಫಿ ತೋಟದ ಜಿಲ್ಲೆಯಿಂದ ಹೊರಟು ಗುಲ್ಮಾರ್ಗ್‌ನ ಹಿಮದಲ್ಲಿ ಅಭ್ಯಾಸ ಮಾಡಿ ಅಲ್ಲಿಗೆ ಹೋಗುವುದು ಸಣ್ಣ ಮಾತಲ್ಲ. ಪದಕದ ಲೆಕ್ಕ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಒಂದು ರೇಸ್ ಪೂರ್ತಿ ನೋಡಿ, ಆಮೇಲೆ ಮಾತಾಡೋಣ.

ನೋಡುವುದು ಕಷ್ಟವೂ ಅಲ್ಲ. ರೇಸ್ ಯುರೋಪಿನಲ್ಲಾದರೆ ಅಲ್ಲಿನ ಮಧ್ಯಾಹ್ನ ನಮಗೆ ಸಂಜೆ. ಮೊದಲ ಲೆಗ್‌ನಲ್ಲಿ ಟೀ ಮಾಡಿಕೊಳ್ಳಿ, ಗುಂಪು ಒಟ್ಟಿಗೇ ಇರುತ್ತದೆ. ಎರಡನೇ ಲೆಗ್‌ನ ಏರಿನಲ್ಲಿ ಯಾರ ಸ್ಕೀ ಹಿಂದಕ್ಕೆ ಜಾರುತ್ತಿದೆ ಅಂತ ಗಮನಿಸಿ. ಪದಕ ಅಲ್ಲೇ ಹೋಗಿರುತ್ತದೆ, ಟಿವಿಯವರು ಹತ್ತು ನಿಮಿಷ ಬಿಟ್ಟು ಹೇಳುತ್ತಾರೆ. ಮುಂದಿನ ವಿಶ್ವ ಚಾಂಪಿಯನ್‌ಶಿಪ್ 2027ರಲ್ಲಿ, ಸ್ವೀಡನ್ನಿನ ಫಾಲುನ್‌ನಲ್ಲಿ. 2015ರಲ್ಲಿ ಇದೇ ಊರಲ್ಲಿ ನೂರ್ಥುಗ್ ಸ್ವೀಡನ್ನಿನವರ ಕಣ್ಣೆದುರೇ ರಿಲೇ ಚಿನ್ನ ಹೊಡೆದುಕೊಂಡು ಹೋಗಿದ್ದ. ಪುರುಷರಲ್ಲಿ ಈ ಸಲವೂ ನಾರ್ವೆಯೇ, ಹದಿನಾಲ್ಕನೆಯದು, ಅಂತ ನನ್ನ ಅಂದಾಜು. ಆದರೆ ಆ ದಿನ ಫಾಲುನ್‌ನ ತಾಪಮಾನ ಸೊನ್ನೆಯ ಹತ್ತಿರ ಇದೆ ಅಂತ ಗೊತ್ತಾದರೆ, ನಾನು ಈ ಅಂದಾಜಿನ ಮೇಲೆ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ.