ಫೋಟಾನಿಕ್ ಚಿಪ್ ಪ್ಯಾಕೇಜಿಂಗ್: ಮೊದಲು ಬೆಳಕು ಉಳಿಸೋಣ, ಬಿಸಿ ಆಮೇಲೆ

ಮುಂಬೈನ ಮುಲುಂಡ್‌ನಲ್ಲಿರುವ ನನ್ನ ಟೇಬಲ್‌ನಿಂದ ಈ ಸಲ ಒಳ್ಳೆ ಸುದ್ದಿ. ಫೋಟಾನಿಕ್ ಚಿಪ್ (ಕರೆಂಟಿನ ಬದಲು ಬೆಳಕು ಓಡಾಡುವ ಚಿಪ್) ಒಂದನ್ನು ಫೈಬರ್‌ಗೆ ಜೋಡಿಸಿ ಕೂರಿಸುವ ಕೆಲಸ, ಅಂದರೆ ಪ್ಯಾಕೇಜಿಂಗ್, ಇಲ್ಲಿ ನಡೆದಿದೆ. ಫೈಬರ್‌ನಿಂದ ಚಿಪ್‌ಗೆ ಹೋಗಿ ಮತ್ತೆ ಫೈಬರ್‌ಗೆ ಬರುವಷ್ಟರಲ್ಲಿ ಆಗುತ್ತಿದ್ದ ನಷ್ಟ 13 ಡಿಬಿಯಿಂದ (ಡೆಸಿಬೆಲ್, ಬೆಳಕು ಎಷ್ಟು ಪಟ್ಟು ಕುಗ್ಗಿತು ಅನ್ನುವ ಅಳತೆ) 5 ಡಿಬಿಗೆ ಇಳಿದಿದೆ. ಮೊದಲು ಹಾಕಿದ ಬೆಳಕಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಹೊರಗೆ ಬರುತ್ತಿತ್ತು. ಈಗ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಸಿಗುತ್ತಿದೆ.

ಹೊಸಬರಿಗಾಗಿ: ಚಿಪ್ ಸಿಲಿಕಾನ್‌ನದು, ಲ್ಯಾಬ್‌ನಲ್ಲಿರುವ ಗೆಳೆಯ ಕೊಟ್ಟದ್ದು. ಒಳಗೆ ಒಂದು ರಿಂಗ್ (ತನಗೆ ಹೊಂದುವ ತರಂಗಾಂತರದ ಬೆಳಕನ್ನಷ್ಟೇ ಹಿಡಿಯುವ ಉಂಗುರದಂಥ ದಾರಿ), ಅದನ್ನು ಟ್ಯೂನ್ ಮಾಡಲು ಪುಟ್ಟ ಹೀಟರ್. ಲೇಸರ್ ಹಳೆ ಟೆಲಿಕಾಂ ಮಾಲು, ತರಂಗಾಂತರ 1550 ನ್ಯಾನೋಮೀಟರ್.

ಬಿಸಿ ಕಡಿಮೆ ಮಾಡಬೇಕು ಅಂದ ಕೂಡಲೇ ಎಲ್ಲರೂ ಹೀಟ್‌ಸಿಂಕ್, ಫ್ಯಾನ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆಳಕು ಸೋರುವ ಜಾಗವನ್ನೇ ಮೊದಲು ಹಿಡಿಯಬೇಕು. ಅರ್ಧ ಮಿಲಿವ್ಯಾಟ್ ಹೊರಗೆ ಬೇಕಾದರೆ 13 ಡಿಬಿ ನಷ್ಟಕ್ಕೆ ಲೇಸರ್ 10 ಮಿಲಿವ್ಯಾಟ್ ಕೊಡಬೇಕು. 5 ಡಿಬಿಗೆ 1.6 ಸಾಕು. ಲೇಸರ್ ತಿನ್ನುವ ಕರೆಂಟಿನಲ್ಲಿ ಜಾಸ್ತಿ ಪಾಲು ಬಿಸಿಯಾಗಿಯೇ ಹೋಗುತ್ತದೆ. ಅದನ್ನು ಎಳೆದು ಹಾಕಲು ಪೆಲ್ಟಿಯರ್ (ಕರೆಂಟಿನ ದಿಕ್ಕು ನೋಡಿ ತಣ್ಣಗೂ ಮಾಡುವ, ಬಿಸಿಯೂ ಮಾಡುವ ಬಿಲ್ಲೆ) ಬೇರೆ ಕರೆಂಟ್ ತಿನ್ನುತ್ತದೆ. ಡಿಬಿ ಉಳಿದರೆ ಎರಡೂ ಕಡೆ ಉಳಿತಾಯ ಅಲ್ವಾ?

ಸೋರುವುದು ಚಿಪ್‌ನ ಅಂಚಿನಲ್ಲಿ. ಸಾಮಾನ್ಯ ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕಿನ ಚುಕ್ಕೆ ಸುಮಾರು 10.4 ಮೈಕ್ರಾನ್ ಅಗಲ. ನನ್ನ ಚಿಪ್‌ನ ಅಂಚಿನಲ್ಲಿ ಅದು 3 ಮೈಕ್ರಾನ್. ಕೊಡದ ನೀರನ್ನು ಬಾಟಲಿ ಬಾಯಿಗೆ ಸುರಿದ ಹಾಗೆ. ಈ ಅಳತೆ ಹೊಂದದಿರುವುದಕ್ಕೇ ಒಂದೊಂದು ಅಂಚಿನಲ್ಲಿ ಐದೂವರೆ ಡಿಬಿ ಹೋಗುತ್ತದೆ. ತುದಿಯಲ್ಲಿ ಲೆನ್ಸ್ ಇರುವ ಫೈಬರ್ ಹಾಕಿದ ಮೇಲೆ ಅದರಲ್ಲಿ ಬಹುಪಾಲು ವಾಪಸ್ ಬಂತು.

ಆದರೆ ಚುಕ್ಕೆ ಚಿಕ್ಕದಾದಷ್ಟೂ ಜಾಗ ಕದಲುವುದನ್ನು ಅದು ಸಹಿಸುವುದಿಲ್ಲ. ದೊಡ್ಡ ಚುಕ್ಕೆಗಳೆರಡು ಎದುರುಬದುರಾಗಿದ್ದಾಗ 1 ಮೈಕ್ರಾನ್ ಸರಿದರೆ 0.16 ಡಿಬಿ ನಷ್ಟ, ಲೆಕ್ಕಕ್ಕೇ ಇಲ್ಲ. 3 ಮೈಕ್ರಾನ್ ಚುಕ್ಕೆಗೆ ಅದೇ 1 ಮೈಕ್ರಾನ್ ಅಂದರೆ ಸುಮಾರು 1.9 ಡಿಬಿ. ಹೊರಬರುವ ಬೆಳಕು ಅಳೆಯುವ ಮೀಟರ್ ಮಧ್ಯಾಹ್ನ ಸರಿಯಿದ್ದು ರಾತ್ರಿ ಹೊತ್ತಿಗೆ ಕುಸಿಯುತ್ತಿದ್ದದ್ದು ಇದಕ್ಕೇ. ಆಗ ಫೈಬರ್ ಹಿಡಿದಿದ್ದ ಅಲ್ಯೂಮಿನಿಯಂ ಕಂಬ 10 ಮಿಲಿಮೀಟರ್ ಎತ್ತರ. ಕೋಣೆ 5 ಡಿಗ್ರಿ ಬದಲಾದರೆ ಕಂಬ 1.15 ಮೈಕ್ರಾನ್ ಬೆಳೆಯುತ್ತದೆ ಅಥವಾ ಕುಗ್ಗುತ್ತದೆ. ಚಿಪ್ ಮಾತ್ರ ಪೆಲ್ಟಿಯರ್ ಮೇಲೆ ಅಲುಗಾಡದೆ ಕೂತಿರುತ್ತಿತ್ತು. ಈಗ ಫೈಬರ್ ಕಂಬ, ಚಿಪ್ ಕಂಬ ಎರಡನ್ನೂ ಒಂದೇ ಲೋಹದಲ್ಲಿ, ಒಂದೇ ಎತ್ತರಕ್ಕೆ ಮಾಡಿಸಿ, ಒಂದೇ ತಾಮ್ರದ ಹಲಗೆಯ ಮೇಲೆ ಕೂರಿಸಿದ್ದೇನೆ. ಪೆಲ್ಟಿಯರ್ ಹಲಗೆಯ ಕೆಳಗಿದೆ. ಬೆಳೆದರೆ ಎರಡೂ ಒಟ್ಟಿಗೆ ಬೆಳೆಯುತ್ತವೆ. ಮೀಟರ್ ರಾತ್ರಿಯೆಲ್ಲ ನಿಂತಲ್ಲೇ ನಿಂತಿತ್ತು. ನೋಡಿ ತುಂಬಾ ಖುಷಿಯಾಯಿತು.

ಮುಂಬೈ ಮಳೆಗಾಲದಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಕೋಣೆ 29 ಡಿಗ್ರಿ, ತೇವಾಂಶ ಶೇ. 85 ಇದ್ದರೆ 26 ಡಿಗ್ರಿಗೇ ಇಬ್ಬನಿ ಕೂರುತ್ತದೆ. ಹಾಗಾಗಿ ಚಿಪ್ಪನ್ನು 20 ಡಿಗ್ರಿಗೆ ತಣ್ಣಗಿಡುವ ಮಾತೇ ಇಲ್ಲ. 35ಕ್ಕೆ ಸೆಟ್ ಮಾಡಿದ್ದೇನೆ. ಚಿಪ್‌ಗೆ ಬೇಕಾಗಿರುವುದು ತಂಪಲ್ಲ, ಏರಿಳಿತ ಇಲ್ಲದ ಬಿಸಿ. ಸಿಲಿಕಾನ್ ರಿಂಗ್ ಹಿಡಿಯುವ ತರಂಗಾಂತರ ಡಿಗ್ರಿಗೆ ಸುಮಾರು 0.07 ನ್ಯಾನೋಮೀಟರ್ ಸರಿಯುತ್ತದೆ, ಅದು ಸರಿಯದಂತೆ ನೋಡಿಕೊಂಡರೆ ಸಾಕು. ರಿಂಗ್‌ನ ಹೀಟರ್ ಕೊಡುವ ಬಿಸಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ, ಪೆಲ್ಟಿಯರ್‌ಗೆ ಹೋಗುವ ಕರೆಂಟ್ ಕಣ್ಣಿಗೆ ಕಾಣುವಷ್ಟು ಇಳಿದಿದೆ.

ಚಿಪ್ ಕೆಳಗಿನ ಅಂಟನ್ನೂ ತೆಳು ಮಾಡಿದೆ. 100 ಮೈಕ್ರಾನ್ ಇದ್ದದ್ದು 20ಕ್ಕೆ ಬಂದರೆ ಅಲ್ಲಿ ಬಿಸಿಗೆ ಇರುವ ತಡೆ ಐದನೇ ಒಂದಕ್ಕೆ ಇಳಿಯುತ್ತದೆ.

ಮುಂದಿನದು ಫೈಬರನ್ನು ಶಾಶ್ವತವಾಗಿ ಅಂಟಿಸುವುದು. ಲೆನ್ಸ್ ಫೈಬರ್ ಇದಕ್ಕೆ ಆಗದು, ತುದಿಗೆ ಅಂಟು ತಾಗಿದರೆ ಲೆನ್ಸ್ ಕೆಲಸವೇ ಮಾಡುವುದಿಲ್ಲ. ಹೈ ಎನ್‌ಎ ಫೈಬರ್ (ಬೆಳಕನ್ನು ಬಿಗಿಯಾಗಿ ಹಿಡಿದಿಡುವ ಫೈಬರ್) ತುಂಡು ತರಿಸಿದ್ದೇನೆ, ಅದರ ಚುಕ್ಕೆ ಹುಟ್ಟಿನಿಂದಲೇ ಚಿಕ್ಕದು, ಸೀದಾ ಅಂಚಿಗೆ ಅಂಟಿಸಬಹುದು. ನಡುವಿನ ಗಾಳಿ ಹೋದರೆ ಪ್ರತಿಫಲನದ ನಷ್ಟವೂ ಕಡಿಮೆ. ಯುವಿ ಅಂಟು (ನೇರಳಾತೀತ ಬೆಳಕು ಬಿದ್ದರೆ ಗಟ್ಟಿಯಾಗುವಂಥದ್ದು) ಗಟ್ಟಿಯಾಗುವಾಗ ಕುಗ್ಗಿ ಎಳೆಯುತ್ತದೆ, ಅದಕ್ಕೆ ಎರಡೂ ಬದಿಗೆ ಸಮ ಹನಿ ಹಾಕಿ, ಸ್ವಲ್ಪ ಸ್ವಲ್ಪವೇ ಬೆಳಕು ಕೊಟ್ಟು, ಮೀಟರ್ ನೋಡುತ್ತಾ ಗಟ್ಟಿ ಮಾಡುವ ಯೋಚನೆ. ಮೊದಲು ಗಾಜಿನ ತುಂಡಿನ ಮೇಲೆ ಅಭ್ಯಾಸ, ಆಮೇಲೆ ಚಿಪ್.