ಬೆಳೆಯೋ ಕಾಲು

ಸ್ಕೂಲ್ ಶೂ ತರುವಾಗ ನಮ್ಮನೆಯಲ್ಲಿ ಒಂದೇ ಕಾನೂನು. ಒಂದು ಸೈಜ್ ದೊಡ್ಡದು ತಗೋ, ಬೆಳೆಯೋ ಕಾಲು. ಏಳು ವರ್ಷದ ಮಗಳಿಗೆ ಸ್ಕೇಟ್ಸ್ ಕೊಳ್ಳುವಾಗಲೂ ನಾನು ಅದನ್ನೇ ಮಾಡಿದೆ.

ಅಂಗಡಿಯವರು ಗುಲಾಬಿ ಬಣ್ಣದ ಇನ್‌ಲೈನ್ ಸ್ಕೇಟ್ಸ್ ತೆಗೆದರು. ಒಂದರ ಹಿಂದೊಂದು ನಾಲ್ಕು ಚಕ್ರ. ಬೆರಳಲ್ಲಿ ಒಂದು ಚಕ್ರ ತಿರುಗಿಸಿ ಬಿಟ್ಟರೆ ಬುಗುರಿಯ ಹಾಗೆ ತಿರುಗ್ತಾನೇ ಇತ್ತು, ಒಳಗೆ ಲೈಟು ಬೇರೆ. "ಎಬೆಕ್ 7 ಬೇರಿಂಗ್ ಮೇಡಂ" ಅಂದರು. ಎಬೆಕ್ ಅಂದ್ರೆ ಬೇರಿಂಗ್ ಎಷ್ಟು ನಿಖರ ಅನ್ನೋ ದರ್ಜೆ ಅಂತ ಆಗ ನನಗೇನು ಗೊತ್ತು, ಸುಮ್ನೆ ತಲೆ ಆಡಿಸಿದೆ. ಮಗಳು ಲೈಟು ನೋಡಿದಾಗಲೇ ತೀರ್ಮಾನ ಮಾಡಿಯಾಗಿತ್ತು. ಎಸ್, ಎಂ, ಎಲ್ ಅಂತ ಮೂರು ಬಾಕ್ಸ್ ಇದ್ದವು, ಒಂದೊಂದರ ಬೂಟನ್ನೂ ಸ್ವಲ್ಪ ಹಿಗ್ಗಿಸಿ ಕುಗ್ಗಿಸಬಹುದಿತ್ತು. ಅವಳಿಗೆ ಎಸ್ ಸರಿಯಾಗ್ತಿತ್ತು. ನಾನು ಎಂ ತಂದೆ.

ಮೊದಲ ದಿನದ ಕ್ಲಾಸಲ್ಲಿ ಅವಳು ಬಿದ್ದಿದ್ದಕ್ಕೆ ಲೆಕ್ಕವಿಲ್ಲ. ಎರಡೂ ಕಾಲು ಒಳಕ್ಕೆ ವಾಲುತ್ತಿದ್ದವು. ಭಯಕ್ಕೆ ಹೀಗಾಗ್ತಿದೆ ಅಂದುಕೊಂಡೆ. ಕೋಚ್ ಬಂದು, "ಮಂಡಿ ಬಗ್ಗಿಸು ಪುಟ್ಟಿ" ಅಂದರು. ಬಗ್ಗಿಸಿದಳು. ಹಿಮ್ಮಡಿ ಬೂಟಿನೊಳಗೇ ಮೇಲೆದ್ದಿತು. ಆ ಸಂದಿಯಲ್ಲಿ ಅವರ ತೋರುಬೆರಳು ಸಲೀಸಾಗಿ ಇಳಿಯಿತು. ಎಂ ಅನ್ನು ಪೂರ್ತಿ ಕುಗ್ಗಿಸಿದರೂ ಅಷ್ಟು ಜಾಗ!

ಬೇರಿಂಗ್ ವಿಷಯ ಎತ್ತಿದೆ. ಅವರು ನಕ್ಕರು. "ಕೈಯಲ್ಲಿ ಹಿಡಿದಾಗ ಎಲ್ಲಾ ಚಕ್ರನೂ ತಿರುಗತ್ತೆ ಮೇಡಂ. ಮಗು ಭಾರ ಬಿದ್ದಾಗ ನೋಡಬೇಕು." ಆಮೇಲೆ ಚಕ್ರಕ್ಕೆ ಉಗುರು ಒತ್ತಿದರು. ಗಟ್ಟಿ ಪ್ಲಾಸ್ಟಿಕ್. ನುಣುಪು ನೆಲದಲ್ಲಿ ಇದು ಜಾರತ್ತಂತೆ. ಪಿಯು, ಅಂದ್ರೆ ಪಾಲಿಯುರೆಥೇನ್ ಚಕ್ರದ ಮೇಲೆ 82ಎ, 85ಎ ಅಂತ ಬರೆದಿರುತ್ತೆ, ಸಂಖ್ಯೆ ಕಡಿಮೆ ಇದ್ದಷ್ಟೂ ಮೆದು, ಹಿಡಿತ ಜಾಸ್ತಿ. ಅಂಗಡಿಯಲ್ಲಿ ಇದ್ಯಾವುದನ್ನೂ ನಾನು ಕೇಳಿರಲೇ ಇಲ್ಲ.

ಬಳಸಿದ್ದನ್ನು ವಾಪಸ್ ತಗೊಳ್ಳಲಿಲ್ಲ. ಎರಡನೇ ಸಲ ಮುಂದೆರಡು, ಹಿಂದೆರಡು ಚಕ್ರದ ಕ್ವಾಡ್ ತಂದೆವು. ಅವಳು ಆಡುವಾಗ ಹಾಕೋ ಸಾಕ್ಸನ್ನೇ ಹಾಕಿಸಿ, ಬೂಟು ಕಟ್ಟಿಸಿ, ಅಂಗಡಿಯಲ್ಲೇ ಮಂಡಿ ಬಗ್ಗಿಸಿ ನಿಲ್ಲಿಸಿದೆ. ಹಿಮ್ಮಡಿ ಅಲುಗಲಿಲ್ಲ. ಲೈಟಿಲ್ಲ ಅಂತ ಮುಖ ಮಾತ್ರ ಊದಿಕೊಂಡಿತ್ತು. ಉಳಿದ ದುಡ್ಡಲ್ಲಿ ಮಣಿಕಟ್ಟಿನ ಗಾರ್ಡ್ ತಂದೆ. ಹೆಲ್ಮೆಟ್ ಹೇಗೂ ಇತ್ತು. ಬೀಳುವಾಗ ಮಕ್ಕಳು ಮೊದಲು ಊರೋದು ಕೈಯನ್ನೇ ಅಲ್ವಾ? ವಾರದೊಳಗೆ ಅಂಗೈ ಕಡೆಯ ಪ್ಲಾಸ್ಟಿಕ್ ತುಂಬಾ ಬಿಳಿ ಗೀರು. ಅವಳ ಅಂಗೈಯಲ್ಲಿ ಒಂದೂ ಇಲ್ಲ.

ಗುಲಾಬಿ ಜೋಡಿ ಈಗ ಚಪ್ಪಲಿ ಸ್ಟ್ಯಾಂಡಿನ ಮೇಲಿದೆ. ಅದರ ಲೈಟಿಗೆ ಬ್ಯಾಟರಿ ಬೇಡ, ಒಳಗಿನ ಅಯಸ್ಕಾಂತದಿಂದ ಉರಿಯುತ್ತೆ. ಕರೆಂಟ್ ಹೋದಾಗಲೆಲ್ಲ ಮಗಳು ಅದನ್ನು ತೊಡೆ ಮೇಲಿಟ್ಟುಕೊಂಡು, ಒಂದೊಂದೇ ಚಕ್ರ ತಿರುಗಿಸುತ್ತಾ ಕೂರುತ್ತಾಳೆ.