ಸರ್ವೇ ಫಾರ್ಮ್‌ನಲ್ಲಿ ಉತ್ತರ ದಿಕ್ಕೇ ಇಲ್ಲ

ಬೆಂಗಳೂರಿನಲ್ಲಿ ಮನೆ ತಾರಸಿಗೆ ಸೋಲಾರ್ ಹಾಕುವುದು ನನ್ನ ಕೆಲಸ. ಮೇ ತಿಂಗಳ ಮಧ್ಯದಲ್ಲಿ ಒಬ್ಬ ಗ್ರಾಹಕರು ಕರೆಸಿದರು. ಮಾರ್ಚ್‌ನಲ್ಲಿ ಚೆನ್ನಾಗಿದ್ದ ಜನರೇಷನ್ ಈಗ ಮಧ್ಯಾಹ್ನ ಮೂರಾದರೆ ಕುಸಿಯುತ್ತಿತ್ತು. ಮೋಡ ಇಲ್ಲ, ಧೂಳೂ ಇಲ್ಲ.

ನನಗೆ ಎಂಸಿ4 ಕನೆಕ್ಟರ್, ಅಂದರೆ ಪ್ಯಾನೆಲ್ ವೈರ್‌ಗಳನ್ನು ಜೋಡಿಸುವ ಪ್ಲಗ್ ಮೇಲೆ ಅನುಮಾನ. ಪ್ಯಾನೆಲ್‌ನ ವೈರ್‌ಗಳು ಬಂದು ಸೇರುವ ಡಿಸಿಡಿಬಿ ಪೆಟ್ಟಿಗೆ ತೆರೆದೆ, ಸ್ಟ್ರಿಂಗ್‌ನ (ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಪ್ಯಾನೆಲ್‌ಗಳ ಸಾಲು) ವೋಲ್ಟೇಜ್ ನೋಡಿದೆ, ಐಸೊಲೇಟರ್ ಸ್ವಿಚ್ ಆಫ್ ಮಾಡಿ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿದೆ. ಎಲ್ಲ ಸರಿಯಾಗೇ ಇತ್ತು. ಗ್ರಾಹಕರು ಮೊಬೈಲ್‌ನಲ್ಲಿ ಗ್ರಾಫ್ ತೆರೆದುಕೊಂಡು ಪಕ್ಕದಲ್ಲೇ ನಿಂತಿದ್ದರು. ಒಂದು ಮಾತಿಲ್ಲ. ಬೈದಿದ್ದರೂ ವಾಸಿ ಅನಿಸಿತು. ಇನ್ವರ್ಟರ್ ಬದಲಿಸೋಣ ಅಂತ ಆಫೀಸಿಗೆ ಫೋನ್ ಮಾಡುವಷ್ಟರಲ್ಲಿ ನಮ್ಮ ಹುಡುಗ ಕೂಗಿದ: “ಸರ್, ಇಲ್ಲಿ ನೆರಳು ನೋಡಿ!”

ಪ್ಯಾನೆಲ್‌ಗಳ ವಾಯವ್ಯಕ್ಕೆ ಮೆಟ್ಟಿಲಿನ ಹೆಡ್‌ರೂಮ್, ಅದರ ಮೇಲೆ ನೀರಿನ ಟ್ಯಾಂಕ್. ಅದರ ನೆರಳು ತುದಿಯ ಎರಡು ಪ್ಯಾನೆಲ್ ಮೇಲೆ ಬಿದ್ದಿತ್ತು. ಪೆಟ್ಟು ಬಿದ್ದದ್ದು ಇಡೀ ಸ್ಟ್ರಿಂಗಿಗೆ.

“ಸೂರ್ಯ ದಕ್ಷಿಣದಲ್ಲಿ ಇರ್ತಾನೆ ಅಂತ ನೀವೇ ಹೇಳಿದ್ರಲ್ಲ?” ಅಂದರು ಗ್ರಾಹಕರು.

ಭೂಮಿ 23.4 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಹಾಗಾಗಿ ಏಪ್ರಿಲ್ 24ರ ಸುಮಾರಿಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ವಾಪಸ್ ಬರುವುದು ಆಗಸ್ಟ್ 18ರ ಹೊತ್ತಿಗೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಕೋಲು ನೆಟ್ಟು ನೋಡುತ್ತಾರಲ್ಲ, ಅದು ಈ ಎರಡು ದಿನಗಳಲ್ಲೇ. ನಡುಹಗಲಲ್ಲಿ ನೆರಳು ಗಿಡ್ಡ, ಚಿಂತೆಯಿಲ್ಲ. ಸಂಜೆ ನಾಲ್ಕಕ್ಕೆ ಹಾಗಲ್ಲ. ಐದು ಮೀಟರ್ ಎತ್ತರದ ಟ್ಯಾಂಕಿನ ನೆರಳು ಆರು ಮೀಟರ್‌ಗೂ ಜಾಸ್ತಿ ಉದ್ದವಾಗಿ, ಪೂರ್ವಕ್ಕೆ ಚಾಚಿ ದಕ್ಷಿಣದ ಕಡೆ ವಾಲುತ್ತದೆ. ಮಾರ್ಚ್‌ನಲ್ಲಿ ಅದೇ ನೆರಳು ಉತ್ತರದ ಕಡೆ ವಾಲಿ ಪ್ಯಾನೆಲ್ ತಪ್ಪಿಸುತ್ತಿತ್ತು.

“ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರ್ತಾನಲ್ವಾ, ಕರೆಂಟ್ ಜಾಸ್ತಿ ಬರಬೇಕಲ್ವಾ?” ಅಂತಲೂ ಕೇಳಿದರು. ತುಂಬಾ ಜನ ಹೀಗೇ ನಂಬಿದ್ದಾರೆ. ಭೂಮಿ ಸೂರ್ಯನಿಗೆ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ. ಕಾಲ ಬದಲಾಗುವುದು ದೂರದಿಂದಲ್ಲ, ಆ ವಾಲುವಿಕೆಯಿಂದ.

ಸಿಟ್ಟು ಬರುವುದು ಪ್ಯಾನೆಲ್ ಹಾಕುವ ಮೊದಲು ತಾರಸಿ ನೋಡಿ ತುಂಬುವ ನಮ್ಮ ಸರ್ವೇ ಫಾರ್ಮ್ ಮೇಲೆ. ಅದು ದೆಹಲಿಯ ಹೆಡ್ಡಾಫೀಸಿನಿಂದ ಬಂದದ್ದು. ನೆರಳಿಗೆ ಮೂರೇ ಕಾಲಂ: ಪೂರ್ವ, ದಕ್ಷಿಣ, ಪಶ್ಚಿಮ. ದೆಹಲಿ 28.6 ಡಿಗ್ರಿಯಲ್ಲಿದೆ, ಅಲ್ಲಿ ನಡುಹಗಲಿನ ಸೂರ್ಯ ಯಾವತ್ತೂ ಉತ್ತರಕ್ಕೆ ಹೋಗುವುದಿಲ್ಲ. ಬೀದರ್‌ನಿಂದ ಚಾಮರಾಜನಗರದವರೆಗೆ ನಮ್ಮಲ್ಲಿ ಎಲ್ಲೆಡೆ ಹೋಗುತ್ತಾನೆ. ಸಾಫ್ಟ್‌ವೇರ್‌ನಲ್ಲೂ ಸೂರ್ಯ ತೀರಾ ದಕ್ಷಿಣದಲ್ಲಿರುವ ಡಿಸೆಂಬರ್ 21ರ ನೆರಳು ಮಾತ್ರ ನೋಡಿ ಡ್ರಾಯಿಂಗ್ ಪಾಸ್ ಮಾಡುತ್ತಾರೆ. ತೀರಾ ಉತ್ತರದಲ್ಲಿರುವ ಜೂನ್ 21 ಹಾಕಿ ನೋಡಲು ಐದು ನಿಮಿಷ ಸಾಕು.

ಹಾಗಂತ ಪ್ಯಾನೆಲ್ ಉತ್ತರಕ್ಕೆ ತಿರುಗಿಸಬೇಕಿಲ್ಲ. ಜೂನ್‌ನಿಂದ ಹೇಗೂ ಮುಂಗಾರಿನ ಮೋಡ. ವರ್ಷದ ಲೆಕ್ಕಕ್ಕೆ ದಕ್ಷಿಣವೇ ಸರಿ. ಆ ಮನೆಯಲ್ಲಿ ಎರಡು ಪ್ಯಾನೆಲ್‌ಗಳನ್ನು ಟ್ಯಾಂಕಿನಿಂದ ದೂರ ಸರಿಸಿದೆವು, ಸಂಜೆಯ ಗ್ರಾಫ್ ಸರಿಹೋಯಿತು. ಫಾರ್ಮ್ ಇನ್ನೂ ಬದಲಾಗಿಲ್ಲ. ಉತ್ತರದ ಗೋಡೆ, ಟ್ಯಾಂಕ್, ಪಕ್ಕದ ಮನೆಯ ಎತ್ತರವನ್ನು ನಾನು ಅಂಚಿನಲ್ಲಿ ಪೆನ್ನಿನಿಂದ ಬರೆದೇ ಕಳಿಸುತ್ತಿದ್ದೇನೆ.